ಹೋಲಿಕೆಯ ರಕ್ತ

ಹದಿನೇಳು ತನ್ನದೇ. ಅದರಲ್ಲಿ ಅನುಮಾನವಿಲ್ಲ. ಅನುಮಾನವಿಲ್ಲ ಎಂದು ಬೆಳಗಿನಿಂದ ಎಷ್ಟು ಸಲ ಹೇಳಿಕೊಂಡೆ ಎಂಬುದರಲ್ಲಿ ಮಾತ್ರ ಅವನಿಗೆ ಅನುಮಾನ. ಡಬ್ಬಿಯೊಳಗೆ ಕೈಹಾಕಿ ಚೀಟಿ ಎತ್ತಿದ್ದು, ಮಡಿಕೆ ಬಿಚ್ಚಿದಾಗ ಒಂದೂ ಏಳೂ ಪಕ್ಕಪಕ್ಕ ನಿಂತಿದ್ದು, ಪರದೆಯ ಆಚೆ ಹೋಗಿ ಇನ್ನೂ ಬೆಚ್ಚಗಿದ್ದ ಟ್ಯೂಬಿಗೆ ಆ ಸಂಖ್ಯೆಯ ಲೇಬಲ್ ಸುತ್ತಿ ಉಗುರಿನಿಂದ ಅಂಚು ಒತ್ತಿದ್ದು, ಎಲ್ಲವೂ ನೆನಪಿದೆ. ಆದರೆ ಹದಿನೇಳರ ರಕ್ತ ಹೇಳುತ್ತಿರುವುದೇ ನೆನಪನ್ನು ನಂಬಬೇಡ ಎಂದು. ನೆನಪನ್ನು ನಂಬಿದರೆ ರಕ್ತ ತನ್ನದು. ರಕ್ತ ತನ್ನದಾದರೆ ನೆನಪನ್ನು ನಂಬುವ ಹಾಗಿಲ್ಲ. ಈ ಸುತ್ತಿನಿಂದ ಎಲ್ಲಿ ಹೊರಬರುವುದೆಂದು ತಿಳಿಯದೆ ಅವನು ಕನ್ನಡಿಯ ಮುಂದೆ ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕಿವಿಯ ಬುಡದಿಂದ ಕೆಳಕ್ಕೆ ಬ್ಲೇಡು ಎಳೆದ. ಬ್ಲೇಡಿಗೆ ಏನೂ ಸಿಗಲಿಲ್ಲ. ಕರಕರ ಎನ್ನಬೇಕಾದ ಕಡೆ ಅದು ಸದ್ದಿಲ್ಲದೆ ಜಾರಿತು. ನೊರೆ ಸರಿಸಿ ಬೆರಳಿನಿಂದ ಮುಟ್ಟಿ ನೋಡಿದ. ಗಲ್ಲ ಆಗಲೇ ನುಣ್ಣಗಿತ್ತು. ಕೊಂಡಿಗೆ ತೂಗುಹಾಕಿದ್ದ ಟವೆಲು ಒದ್ದೆಯಾಗಿತ್ತು. ಅದರ ಅಂಚಿನಲ್ಲಿ ಬೇರೊಂದು ನೊರೆ ಒಣಗಿ ಬಿಳಿಯ ಹೊಟ್ಟಿನಂತೆ ಅಂಟಿಕೊಂಡಿತ್ತು.

ಹೊರಗಿನಿಂದ ಅಕ್ಕ ಬಾಗಿಲು ತಟ್ಟಿದಳು. "ಏನೋ ಇದು, ಮತ್ತೆ ಒಳಗೆ ಹೋದೆ? ಮದುವೆ ಗಂಡು ಕೂಡ ಒಂದೇ ಸಲ ಕಣೋ ಗಡ್ಡ ಕೆರೆಯೋದು."

"ಕಣ್ಣಿಗೆ ಸೋಪು ಹೋಗಿತ್ತು."

"ಕಣ್ಣಿಗೆ ಸೋಪು ಹಾಕ್ಕೊಳ್ಳೋಕೆ ಇಷ್ಟು ಹೊತ್ತಾ! ನಿಮ್ಮ ಭಾವ ಹೊರಗೆ ಕುಣೀತಿದಾರೆ, ಬೇಗ ಬಾ."

ಅವನು ಮುಖ ತೊಳೆದುಕೊಂಡು ಹೊರಬಂದ. ಸುಳ್ಳು ಇಷ್ಟು ಸಲೀಸಾಗಿ ಬರುವುದು ಅವನಿಗೆ ಹೊಸದಲ್ಲ. ಹನ್ನೊಂದು ವರ್ಷದಿಂದ ಅಡುಗೆಮನೆಯ ಕಪಾಟಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲೇ, ಅವನ ಮಾತ್ರೆಯ ಬಾಟಲಿ ಇದೆ. ಅದರ ಮೇಲೆ ಅವನದೇ ದುಂಡು ಅಕ್ಷರದಲ್ಲಿ 'ವಿಟಮಿನ್' ಎಂದು ಬರೆದ ಲೇಬಲ್. ಬಚ್ಚಿಟ್ಟಿದ್ದರೆ ಅಕ್ಕ ಹುಡುಕಿ ತೆಗೆಯುತ್ತಿದ್ದಳು. ಈಗ ಅವಳೇ ದಿನಾ ಊಟವಾದ ಮೇಲೆ "ನಿನ್ನ ವಿಟಮಿನ್ ಆಯ್ತೇನೋ" ಎಂದು ಕೇಳುತ್ತಾಳೆ. ಒಂದು ಸಲವೂ ತಪ್ಪಿಸಲು ಬಿಟ್ಟಿಲ್ಲ. ಎಚ್‌ಐವಿ ಎಂಬ ಮೂರು ಅಕ್ಷರ ಈ ಮನೆಯೊಳಗೆ ಬಂದು ಹನ್ನೊಂದು ವರ್ಷವಾಗಿದೆ. ಅದನ್ನು ಕಾಯುತ್ತಿರುವವಳು ಅಕ್ಕ. ಅದು ಬಂದಿದೆಯೆಂದು ಗೊತ್ತಿಲ್ಲದವಳೂ ಅವಳೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಚೀಟಿ ಇತ್ತು. ಅದನ್ನು ಯಾಕೆ ಇಟ್ಟುಕೊಂಡೆ ಎಂದು ಅವನಿಗೇ ತಿಳಿಯದು. ಯಾವುದನ್ನೂ ಎಸೆಯುವ ಸ್ವಭಾವ ಅವನದಲ್ಲ. ಅವನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಅವನಿಗೆ ಲೇಬಲಪ್ಪ ಎಂದು ಹೆಸರಿಟ್ಟವರು ನರ್ಸ್, ಎಲ್ಲರ ಬಾಯಲ್ಲಿ ಸಿಸ್ಟರ್. ಫ್ರೀಜರಿನ ಒಂದೊಂದು ಖಾನೆಗೂ, ಸ್ವಿಚ್ಚಿಗೂ, ಸ್ಟೂಲಿಗೂ ಅವನು ಲೇಬಲ್ ಅಂಟಿಸುವುದನ್ನು ನೋಡಿ "ನಾನು ಎರಡು ನಿಮಿಷ ಅಲ್ಲಾಡದೆ ನಿಂತ್ರೆ ನನ್ನ ಬೆನ್ನಿಗೂ ಒಂದು ಅಂಟಿಸ್ತಾನೆ" ಎಂದಿದ್ದರು. ಎಲ್ಲರೂ ನಕ್ಕಿದ್ದರು, ಅವನೂ. ಅಚ್ಚುಕಟ್ಟಿನ ಮನುಷ್ಯ ಎಂದೇ ಎಲ್ಲರ ಭಾವನೆ. ಕಳೆದ ಎರಡು ವರ್ಷದಿಂದ ಲೇಬಲ್ ಇಲ್ಲದ ಖಾನೆಯ ಮುಂದೆ ನಿಂತರೆ ಅದರೊಳಗೆ ಏನಿದೆಯೆಂದು ಹೊಳೆಯುವುದಿಲ್ಲ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು. ಅದನ್ನೂ ಅವನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದ. ನಲವತ್ತನಾಲ್ಕು ಅಂಥ ವಯಸ್ಸೇನಲ್ಲ ಎಂದು ಒಳಗಿನಿಂದ ಯಾರೋ ಹೇಳಿದರೆ, ಕೆಲಸದ ಒತ್ತಡ ಎಂದು ಆ ಯಾರಿಗೋ ಉತ್ತರ ಕೊಟ್ಟಿದ್ದ.

ಕೇಂದ್ರದಲ್ಲಿ ನಡೆಯುತ್ತಿದ್ದ ಅಧ್ಯಯನ ಇದನ್ನೇ ಕುರಿತದ್ದು. ಎಚ್‌ಐವಿ ಇರುವವರು ಈಗ ಮಾತ್ರೆ ನುಂಗಿಕೊಂಡು ಎಲ್ಲರಷ್ಟೇ ಕಾಲ ಬದುಕುತ್ತಾರೆ. ಆದರೆ ಅವರಲ್ಲಿ ಕೆಲವರಿಗೆ ಮರೆವು, ಕೈ ತಡವರಿಸುವುದು, ಹಿಡಿದ ಮಾತು ನಡುವೆ ಕಳಚಿಹೋಗುವುದು. ಅದು ಆಯಾಸವೋ, ಚಿಂತೆಯೋ, ನಿಜವಾಗಿ ಮಿದುಳಿಗೇ ಏನಾದರೂ ಆಗುತ್ತಿದೆಯೋ ಎಂದು ರಕ್ತ ನೋಡಿ ಹೇಳಬಹುದೇ? ನರಗಳೊಳಗೆ ನೂಲಿನಂಥ ಒಂದು ಪ್ರೋಟೀನು ಇರುತ್ತದೆ. ನರ ಸವೆದರೆ ಅದರ ಎಳೆಗಳು ರಕ್ತಕ್ಕೆ ಇಳಿಯುತ್ತವೆ. ಅದಕ್ಕೊಂದು ಉದ್ದದ ಹೆಸರಿದೆ. ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಮೇಡಂ ಮಾತ್ರ 'ನರದ ನೂಲು' ಎಂದೇ ಹೇಳುತ್ತಿದ್ದರು. ಆ ನೂಲು ರಕ್ತದಲ್ಲಿ ಎಷ್ಟಿದ್ದರೆ ಹೆಚ್ಚು ಎಂದು ತಿಳಿಯಲು ಸೋಂಕಿಲ್ಲದವರ ರಕ್ತವೂ ಬೇಕು, ಹೋಲಿಸಿ ನೋಡಲು. ಇಪ್ಪತ್ತು ಜನ ಸಾಕು. ಹದಿನಾರು ಜನ ಸಿಕ್ಕಿದ್ದರು. ಉಳಿದ ನಾಲ್ವರಿಗಾಗಿ ಅಲೆದು ಬೇಸತ್ತು ಮೇಡಂ ಒಂದು ಮಧ್ಯಾಹ್ನ "ನಾವೇ ಇದೀವಲ್ಲ" ಎಂದರು.

ಸಿಸ್ಟರ್ ಕೊಟ್ಟರು, ಡ್ರೈವರ್ ಕೊಟ್ಟ, ಗುಡಿಸುವಾಕೆ ಕೊಟ್ಟಳು. ಇನ್ನೊಬ್ಬರು ಬೇಕಿತ್ತು. "ಬಾ ಲೇಬಲಪ್ಪ, ಬೇರೆಯವರ ರಕ್ತ ಎಷ್ಟು ಹೀರಿದೀಯ, ಇವತ್ತು ನಿನ್ನದು" ಎಂದು ಸಿಸ್ಟರ್ ಕೈಗೆ ಕಟ್ಟುವ ರಬ್ಬರನ್ನು ಚಟ್ ಎನ್ನಿಸಿದರು. ಒಲ್ಲೆ ಎನ್ನಲು ಒಂದು ಕಾರಣ ಬೇಕಿತ್ತು. ಯಾವ ಕಾರಣ ಹೇಳಿದರೂ ಅದರ ಹಿಂದೆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಆದರೆ ಅವನು ಅಂಗಿಯ ತೋಳು ಮಡಚಿ ಕೂತದ್ದು ಪ್ರಶ್ನೆಗೆ ಹೆದರಿ ಮಾತ್ರವಲ್ಲ. ಅದನ್ನು ಅವನು ಆಮೇಲೆ ಬಹಳ ದಿನ ತಿರುಗಿಸಿ ತಿರುಗಿಸಿ ನೋಡಿದ್ದ. ಹತ್ತು ವರ್ಷದಿಂದ ಅವನ ರಕ್ತದಲ್ಲಿ ವೈರಸ್ಸು ಕಾಣುವಷ್ಟಿಲ್ಲ. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಪ್ರತಿಸಲವೂ ಅದೇ ವರದಿ. ಹಾಗಿದ್ದ ಮೇಲೆ ಈ ರಕ್ತಕ್ಕೂ ಡ್ರೈವರನ ರಕ್ತಕ್ಕೂ ಏನು ವ್ಯತ್ಯಾಸ? ಒಂದು ಸಲ, ಒಂದೇ ಒಂದು ಪಟ್ಟಿಯಲ್ಲಿ, ಅದು ಸೋಂಕಿಲ್ಲದವರ ಸಾಲಿನಲ್ಲಿ ಕೂತರೆ ಏನು ಮುಳುಗಿಹೋಗುತ್ತದೆ? ಹೆಸರು ಬರೆಯುವಂತಿರಲಿಲ್ಲ. ಚೀಟಿಯ ಸಂಖ್ಯೆಯನ್ನು ರಕ್ತ ಕೊಟ್ಟವರೇ ಪರದೆಯ ಆಚೆ ಹೋಗಿ ಅಂಟಿಸಬೇಕು, ಉಳಿದವರಿಗೆ ಗೊತ್ತಾಗಬಾರದು ಎಂಬುದು ಮೇಡಂ ಮಾಡಿದ ಏರ್ಪಾಡು. ಆ ಇಪ್ಪತ್ತು ಟ್ಯೂಬುಗಳಿಗೂ ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಸ್ಟ್ರಿಪ್ ಪರೀಕ್ಷೆ ಅವನದೇ ಕೆಲಸ. ಹದಿನೇಳರ ಸ್ಟ್ರಿಪ್ಪನ್ನೂ ಅವನು ಬಿಡಲಿಲ್ಲ. ಬಿಟ್ಟರೆ ಪೊಟ್ಟಣದಲ್ಲಿ ಒಂದು ಉಳಿಯುತ್ತದೆ. ಹನಿ ಹಾಕಿ ಕೈಕಟ್ಟಿ ಕಾದ. ಮೊದಲ ಗೆರೆ ಬಂತು. ಸೋಂಕಿದೆ ಎನ್ನುವ ಎರಡನೆಯದು, ಹನ್ನೊಂದು ವರ್ಷದ ಹಿಂದೆ ಬಂದ ಹಾಗೆಯೇ, ಅವಸರವಿಲ್ಲದೆ, ಬಾಗಿಲಲ್ಲಿ ನಿಂತ ನೆಂಟರಂತೆ ಮೊದಲು ಮಸುಕಾಗಿ ಆಮೇಲೆ ಒಳಕ್ಕೆ ಬಂತು. ಅವನು ಪುಸ್ತಕದಲ್ಲಿ ಹದಿನೇಳರ ಮುಂದೆ 'ಸೋಂಕಿಲ್ಲ' ಎಂದು ಬರೆದ. ಅಕ್ಷರ ಎಂದಿನಂತೆ ದುಂಡಗೇ ಬಂದಿತ್ತು.

ಮೊನ್ನೆ ಯಂತ್ರ ಸಂಖ್ಯೆಗಳನ್ನು ಕೊಟ್ಟಿತು. ಹೋಲಿಕೆಯ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನರದು ಆರರಿಂದ ಹದಿಮೂರರ ಒಳಗೆ. ಹದಿನೇಳರದು ಮೂವತ್ತೊಂದು. ಯಂತ್ರದ ತಪ್ಪಿರಬೇಕೆಂದು ಯಾರಿಗೂ ಹೇಳದೆ ಫ್ರೀಜರಿನಿಂದ ಹದಿನೇಳರದೇ ಇನ್ನೊಂದು ಟ್ಯೂಬು ತೆಗೆದು ಮತ್ತೆ ಓಡಿಸಿದ. ಮೂವತ್ತೊಂದೇ ಬಂತು.

ಕೇಂದ್ರದ ಬೆಂಚಿನ ಮೇಲೆ ಅಂಚೆಯಮ್ಮ ಆಗಲೇ ಬಂದು ಕೂತಿದ್ದರು. ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಬೀದಿಬೀದಿಯ ಗೂಡುಗಳಿಗೆ ಹಂಚಿ ಹಾಕುವ ಕೆಲಸ ಆಕೆಯದು, ಇಪ್ಪತ್ತಾರು ವರ್ಷವಾಯಿತು. ಗಂಡ ತೀರಿಕೊಂಡ ಮೇಲೆ ಸೋಂಕಿನ ವಿಷಯ ಗೊತ್ತಾಗಿ ಹನ್ನೆರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾರೆ. ಅಧ್ಯಯನಕ್ಕೆ ಹೆಸರು ಕೊಟ್ಟವರಲ್ಲಿ ಅವರೇ ಮೊದಲಿಗರು. ಅವನನ್ನು ಕಂಡದ್ದೇ ತೋಳು ಮೇಲೇರಿಸಿಕೊಂಡರು.

"ನಿಮ್ಮ ಕೈಯಲ್ಲೇ ತೆಗೀರಿ ಅಣ್ಣ. ಸಿಸ್ಟರ್ ಚುಚ್ಚಿದ್ರೆ ಮೂರು ದಿನ ನೀಲಿ ಇರುತ್ತೆ. ಕೆಲಸದಲ್ಲಿ ಕೇಳ್ತಾರೆ, ಯಾರಮ್ಮಾ ಹೊಡೆದದ್ದು ಅಂತ."

"ನನಗೆ ಕೇಳಿಸ್ತು!" ಎಂದು ಒಳಗಿನಿಂದ ಸಿಸ್ಟರ್ ಕೂಗಿದರು. "ಇನ್ನೊಂದು ಸಲ ದಪ್ಪ ಸೂಜೀನೇ ತಗೊಂಡು ಬರ್ತೀನಿ."

ಅವನು ಮಾಮೂಲಿ ತಪಾಸಣೆಯ ರಕ್ತಕ್ಕಾಗಿ ತೋಳಿಗೆ ರಬ್ಬರು ಕಟ್ಟಿ ರಕ್ತನಾಳ ಹುಡುಕತೊಡಗಿದ. ಟ್ಯೂಬಿಗೆ ಲೇಬಲ್ ಹಚ್ಚಿದೆನೇ ಎಂದು ಎರಡು ಸಲ ನೋಡಿಕೊಂಡ. ಆಕೆ ದನಿ ತಗ್ಗಿಸಿದರು.

"ಇವತ್ತು ಫಲಿತಾಂಶ ಹೇಳ್ತಾರಂತೆ, ಐದಕ್ಕೆ ಬಾ ಅಂದಿದಾರೆ ಮೇಡಂ. ನಿಮಗೆ ಗೊತ್ತಿರ್ಬೇಕಲ್ಲ ಅಣ್ಣ, ನನ್ನದೇನಾಯ್ತು?"

"ನಮಗೆ ಹೇಳೋ ಹಾಗಿಲ್ಲಮ್ಮ."

"ಹೇಳ್ಬೇಡಿ ಬಿಡಿ. ನಾನು ಏನು ಬೇಡ್ಕೋತಿದೀನಿ ಗೊತ್ತಾ? ಏನಾದ್ರೂ ಇದೆ ಅಂತಾನೇ ಬರ್ಲಿ ಅಂತ." ಆಕೆ ನಕ್ಕರು. "ಎಂಥಾ ಹುಚ್ಚು ನೋಡಿ. ಎಲ್ಲರೂ ರೋಗ ಇಲ್ಲ ಅನ್ಲಿ ಅಂತ ಕಾಯ್ತಾರೆ. ನೂರಾ ಇಪ್ಪತ್ತು ಗೂಡಣ್ಣ. ಕಣ್ಣು ವಿಳಾಸ ಓದೋ ಹೊತ್ತಿಗೆ ಕೈ ಆಗಲೇ ಅಲ್ಲಿಗೆ ಹೋಗಿರ್ತಿತ್ತು. ಈಗ ಕೈ ಮೇಲೆತ್ತಿ ನಿಂತ್ಕೋತೀನಿ, ಎಲ್ಲಿಗೆ ಹೋಗ್ಬೇಕಿತ್ತು ಅಂತ. ಹೋದ ತಿಂಗಳು ಒಂದು ಕಟ್ಟು ಪೂರ್ತಿ ಬೇರೆ ಬೀದಿಗೆ ಹೋಯ್ತು. ನಮ್ಮ ಮೇಲಿನವನು ಎಲ್ಲರೆದುರಿಗೆ ಕೇಳ್ದ, ಮನೇಲಿ ಕೈ ಬಿಟ್ಟು ಬಂದಿದೀಯೇನಮ್ಮಾ ಅಂತ. ಇನ್ನೊಂದು ತಪ್ಪಾದ್ರೆ ಮನೆಗೇ ಅಂತ. ಕಾಯಿಲೆ ಅಂತ ಒಂದು ಕಾಗದ ಇದ್ರೆ ಬೇರೆ ಮೇಜು ಕೊಡ್ತಾರೆ. ಇಲ್ದಿದ್ರೆ ಅದು ನನ್ನ ಸೋಮಾರಿತನ ಅಂತಾಯ್ತಲ್ಲ."

ರಕ್ತ ಟ್ಯೂಬಿಗೆ ಇಳಿಯುತ್ತಿತ್ತು. ಆಕೆಯ ಹಿಂದಿನ ಟ್ಯೂಬಿನಲ್ಲಿ ನರದ ನೂಲು ಎಷ್ಟಿತ್ತೆಂದು ಅವನಿಗೆ ಗೊತ್ತಿತ್ತು. ಹದಿನೆಂಟು. ಹೋಲಿಕೆಯ ಹತ್ತೊಂಬತ್ತು ಜನರ ಪಕ್ಕದಲ್ಲಿಟ್ಟರೆ ಅದು ಎದ್ದು ಕಾಣುವಷ್ಟು ಹೆಚ್ಚು.

"ಬೋರ್ಡ್ ಪರೀಕ್ಷೆ ಚೆನ್ನಾಗಿ ಮಾಡಿದ್ರಂತಲ್ಲ ನೀವು" ಎಂದ, ಏನಾದರೂ ಹೇಳಬೇಕೆಂದು. ಇಪ್ಪತ್ತೈದು ತೂತುಗಳ ಒಂದು ಬೋರ್ಡು. ಒಂದೊಂದಕ್ಕೂ ಒಂದೊಂದು ಲೋಹದ ಕಡ್ಡಿ ಸಿಗಿಸಬೇಕು, ಸಿಸ್ಟರ್ ಗಡಿಯಾರ ಹಿಡಿದು ಕೂತಿರುತ್ತಾರೆ. ಆಮೇಲೆ ಹನ್ನೆರಡು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು, ಎಷ್ಟು ನೆನಪಿದೆ ಎಂದು ಕೇಳುತ್ತಾರೆ.

ಆಕೆ ಬಾಗಿಲ ಕಡೆ ನೋಡಿದರು. "ಅದೇ ಆಗಿದ್ದು ಎಡವಟ್ಟು. ನಿಮಗೊಬ್ಬರಿಗೇ ಹೇಳ್ತೀನಿ. ಮೊದಲನೇ ಸಲ ಬೋರ್ಡು ನೋಡಿ ಎದೆ ಒಡೀತು. ಇದರಲ್ಲಿ ಫೇಲಾದ್ರೆ ಕೆಲಸದ ಕಡೆಗೆ ಬರೆದು ಕಳಿಸ್ತಾರೆ, ಕೆಲಸ ಹೋಗುತ್ತೆ ಅಂದ್ಕೊಂಡೆ. ಮನೆಗೆ ಹೋಗಿ ಅಕ್ಕಿ ಸೋಸೋ ತೂತಿನ ಪಾತ್ರೆ ಬೋರಲು ಹಾಕಿ ಬೆಂಕಿಕಡ್ಡಿ ಸಿಗಿಸೋಕೆ ಶುರು ಮಾಡ್ದೆ. ದಿನಾ. ಆ ಹನ್ನೆರಡು ಪದಾನೂ ಅಂಗೈಮೇಲೆ ಬರ್ಕೊಂಡು ಹೋಗಿ ಬಾಯಿಪಾಠ ಮಾಡ್ದೆ. ಎರಡನೇ ಸಲ ಬಂದಾಗ ಸಿಸ್ಟರ್ ಬೆನ್ನು ತಟ್ಟಿದ್ರು, ಭಲೇ ಅಂತ. ಈಗ ನೋಡಿದ್ರೆ ಫೇಲಾಗಿದ್ರೇ ಚೆನ್ನಾಗಿತ್ತು. ಹೇಗೆ ಹೇಳ್ಲಿ ಈಗ? ಇನ್ನು ರಕ್ತವೇ ಹೇಳ್ಬೇಕು. ನೀವು ಯಾರಿಗೂ ಹೇಳ್ಬೇಡಿ ಅಣ್ಣ, ಕೈ ಮುಗೀತೀನಿ."

"ಇಲ್ಲ" ಎಂದು ಅವನು ಹತ್ತಿ ಒತ್ತಿ ಹಿಡಿದ. ಆಕೆಯ ತೋಳಿನ ಒಳಗೆ ನೀಲಿ ನಾಳ ಸಣ್ಣಗೆ ಉಬ್ಬಿತ್ತು. ರಕ್ತ ಹೇಳುತ್ತದೆ ಎಂಬ ಆಕೆಯ ನಂಬಿಕೆ ಅವನನ್ನು ನಾಚಿಸಿತು.

ಹನ್ನೊಂದಕ್ಕೆ ಮೇಡಂ ಎಲ್ಲರನ್ನೂ ಕರೆದರು. ಅರವತ್ತು ದಾಟಿದ, ಕೂದಲಿಗೆ ಬಣ್ಣ ಹಚ್ಚದ, ಯಾರಿಗೂ ಏರಿದ ದನಿಯಲ್ಲಿ ಮಾತಾಡದ ಡಾಕ್ಟರು ಅವರು. ಗೋಡೆಯ ಪರದೆಯ ಮೇಲೆ ಚುಕ್ಕಿಗಳ ಚಿತ್ರವಿತ್ತು. ಎಡಗಡೆ ಹೋಲಿಕೆಯ ಇಪ್ಪತ್ತು ಚುಕ್ಕಿಗಳು, ಬಲಗಡೆ ಸೋಂಕಿರುವವರ ಅರವತ್ತು. ಎಡಗಡೆಯ ಚುಕ್ಕಿಗಳೆಲ್ಲ ನೆಲದಲ್ಲಿ ಚೆಲ್ಲಿದ ಸಾಸಿವೆಯ ಹಾಗೆ ಒಂದೆಡೆ ಸೇರಿಕೊಂಡಿದ್ದವು. ಒಂದು ಮಾತ್ರ ಬಹಳ ಮೇಲೆ, ಒಂಟಿಯಾಗಿ, ಕರೆದರೂ ಕೆಳಗೆ ಬರದ ಹಾಗೆ ನಿಂತಿತ್ತು. ಅವನು ಅದನ್ನು ನೋಡಿದ. ತನ್ನನ್ನು ಇಷ್ಟು ಬೆತ್ತಲಾಗಿ, ಇಷ್ಟು ಜನರ ಮುಂದೆ, ಅವನು ಎಂದೂ ನೋಡಿರಲಿಲ್ಲ.

"ಇವರು ಯಾರೋ ಮಹಾನುಭಾವರು, ಹದಿನೇಳು" ಎಂದರು ಮೇಡಂ. "ನೂಲಿನ ಅಂಗಡಿ ಇಟ್ಟ ಹಾಗಿದೆ."

"ನಮ್ಮ ಡ್ರೈವರ್ರೇ ಇರ್ಬೇಕು" ಎಂದರು ಸಿಸ್ಟರ್. "ಹೋದ ವರ್ಷ ಗ್ಯಾರೇಜ್ ಬಾಗಿಲಿಗೆ ತಲೆ ಹೊಡ್ಕೊಂಡಿದ್ದ. ಬಾಗಿಲು ರಿಪೇರಿಗೆ ಹೋಯ್ತು."

"ಅಯ್ಯೋ ಸಿಸ್ಟರ್, ನನ್ನ ತಲೇಲಿ ಸೋರೋಕೆ ಏನಿದೆ ಹೇಳಿ" ಎಂದ ಡ್ರೈವರ್. ಎಲ್ಲರೂ ನಕ್ಕರು. ಅವನೂ ನಕ್ಕ, ನಗು ಉಳಿದವರದಕ್ಕಿಂತ ಸ್ವಲ್ಪ ತಡವಾಗಿ ಶುರುವಾಗಿ ಸ್ವಲ್ಪ ತಡವಾಗಿ ನಿಂತಿತೆಂದು ಅವನಿಗೇ ಕೇಳಿಸಿತು.

ಮೇಡಂ ನಗಲಿಲ್ಲ. "ತಮಾಷೆ ಇರ್ಲಿ. ಎಡಗಡೆಯವರನ್ನ ನೋಡಿ ನಾವು ಮಿತಿ ಹಾಕ್ಬೇಕು. ಈ ಒಂದು ಚುಕ್ಕಿ ಸೇರಿದ್ರೆ ಮಿತಿ ಇಪ್ಪತ್ತೊಂದಾಗುತ್ತೆ. ಇದನ್ನ ಬಿಟ್ರೆ ಹದಿನಾಲ್ಕು. ಹದಿನಾಲ್ಕಕ್ಕೂ ಇಪ್ಪತ್ತೊಂದಕ್ಕೂ ನಡುವೆ ನಮ್ಮ ಐದು ಜನ ಇದಾರೆ. ಮಿತಿ ಇಪ್ಪತ್ತೊಂದಾದ್ರೆ ಅವರಿಗೆ ಏನೂ ಆಗಿಲ್ಲ ಅಂತಾಗುತ್ತೆ, ಮನೆಗೆ ಹೋಗ್ಬಹುದು. ಹದಿನಾಲ್ಕಾದ್ರೆ ನರದ ಡಾಕ್ಟರ ಹತ್ರ ಕಳಿಸ್ತೀವಿ, ಮಾತ್ರೆ ಬದಲಾಯಿಸ್ತೀವಿ, ಕೆಲಸದ ಜಾಗಕ್ಕೆ ಕಾಗದ ಬರೀತೀವಿ."

"ತೆಗೆದುಬಿಡಿ ಮೇಡಂ ಮತ್ತೆ, ಒಂದು ಚುಕ್ಕಿ ತಾನೇ" ಎಂದರು ಸಿಸ್ಟರ್.

"ಯಾಕೆ ತೆಗೆದೆ ಅಂದ್ರೆ ಏನ್ಹೇಳ್ಲಿ? ನನಗೆ ಬೇಡವಾಗಿತ್ತು ಅಂತ್ಲಾ? ಕಾರಣ ಇಲ್ದೆ ತೆಗೆದ್ರೆ ನಮಗೆ ಬೇಕಾದ ಉತ್ತರ ನಾವೇ ಬರ್ಕೊಂಡ ಹಾಗೆ. ಕಾರಣ ಕೊಡಿ, ಈಗಲೇ ತೆಗೀತೀನಿ." ಅವರು ಕನ್ನಡಕ ತೆಗೆದು ಒರೆಸಿದರು. "ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನಿಗೆ ಗೊತ್ತಾಗ್ಬೇಕಲ್ಲ. ಇಷ್ಟು ಸೋರ್ತಿದೆ ಅಂದ್ರೆ ಏನೋ ಆಗ್ತಿದೆ. ಹೆಸರು ನನಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಹೊರಗಿನ ಹದಿನಾರು ಜನಕ್ಕೂ ಹೇಳಿ ಕಳಿಸಿದೀನಿ, ನಿಮಗೂ ಹೇಳ್ತಿದೀನಿ. ಚೀಟಿ ಇದ್ದವರು ಬಂದು ತೋರಿಸಿದ್ರೆ ಸಾಕು. ಐದು ಗಂಟೆವರೆಗೆ ನನ್ನ ಬಾಗಿಲು ತೆಗೆದಿರುತ್ತೆ. ಆಮೇಲೆ ಮಿತಿ ಹಾಕಿ ಮುಗಿಸಿಬಿಡ್ತೀನಿ."

ಅವನು ತನ್ನ ಕೋಣೆಗೆ ಬಂದು ಟ್ಯೂಬುಗಳನ್ನು ಯಂತ್ರದಲ್ಲಿಟ್ಟು ತಿರುಗಲು ಬಿಟ್ಟ. ಯಂತ್ರದ ಗುಂಯ್ ಸದ್ದಿನಲ್ಲಿ ಹಳೆಯ ಒಂದು ಕೋಣೆ ತೆರೆದುಕೊಂಡಿತು. ಅವನು ಮೊದಲು ಕೆಲಸಕ್ಕೆ ಸೇರಿದ ಲ್ಯಾಬು. ಅಲ್ಲೊಬ್ಬ ಹಿರಿಯ ಟೆಕ್ನಿಷಿಯನ್ ಇದ್ದರು, ಎಲ್ಲರಿಗೂ ಕೆಲಸ ಕಲಿಸಿದವರು. ಹೆಸರು ಮುಚ್ಚಳದ ಮೇಲೆ ಬರೆಯಬೇಡ, ಮುಚ್ಚಳ ಬದಲಾಗುತ್ತೆ, ಟ್ಯೂಬಿನ ಮೈಮೇಲೆ ಬರೆ ಎಂದು ಅವನಿಗೆ ಹೇಳಿಕೊಟ್ಟವರು. ಅವರಿಗೆ ಸೋಂಕಿದೆ ಎಂಬ ಸುದ್ದಿ ಹೇಗೋ ಬಂತು. ಯಾರೂ ಏನೂ ಅನ್ನಲಿಲ್ಲ. ಅದು ಓದಿದವರ ಜಾಗ. ಲೋಟದಿಂದ ಏನೂ ಹರಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಂದು ದಿನ ಟೀ ತಟ್ಟೆಯಲ್ಲಿ ಎಂಟು ಲೋಟಗಳ ಜಾಗದಲ್ಲಿ ಏಳಿದ್ದವು. ಎಂಟನೆಯದು ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಲ್ಲಿ, ತೊಳೆದು ಬೋರಲು ಹಾಕಿತ್ತು. ಅದನ್ನು ಅಲ್ಲಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಇಟ್ಟದ್ದು ಅವನು. ಆಗ ಅವನಿಗೆ ಇಪ್ಪತ್ನಾಲ್ಕು. ಹಿರಿಯರು ಲೋಟವನ್ನು ನೋಡಿ, ತಾವೇ ಹೋಗಿ ತೆಗೆದುಕೊಂಡು, ಕಿಟಕಿಯ ಹತ್ತಿರವೇ ನಿಂತು ಟೀ ಕುಡಿದರು. ಹೊರಗೆ ಏನನ್ನೋ ನೋಡುತ್ತಿದ್ದವರಂತೆ ಕುಡಿದರು. ಆ ಬೆನ್ನನ್ನು ಅವನು ಮರೆತಿಲ್ಲ. ಸ್ವಿಚ್ಚು, ಸ್ಟೂಲು, ಗಡ್ಡ ಎಲ್ಲ ಮರೆಯುತ್ತದೆ. ಅದೊಂದು ಮಾತ್ರ ಲೇಬಲ್ಲೇ ಇಲ್ಲದೆ ಇದ್ದಲ್ಲಿಯೇ ಇದೆ.

ನಾಲ್ಕೂವರೆಗೆ ಅವನು ಮೇಡಂ ಬಾಗಿಲಲ್ಲಿ ನಿಂತಿದ್ದ. ಅಲ್ಲಿಯವರೆಗಿನ ಹಜಾರವನ್ನು ಹೇಗೆ ದಾಟಿದನೆಂದು ತಿಳಿಯದು. ಚೀಟಿ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿತ್ತು. ಹೇಳಬೇಕಾದದ್ದೂ ಇರಲಿಲ್ಲ, ತೆಗೆದು ಮೇಜಿನ ಮೇಲಿಟ್ಟರೆ ಸಾಕಿತ್ತು.

"ಬಾರಪ್ಪ, ಕೂತ್ಕೋ" ಎಂದು ಮೇಡಂ ಕಾಗದ ಪಕ್ಕಕ್ಕಿಟ್ಟರು. ಫೋನು ಬೋರಲು ಹಾಕಿದರು. ಬಾಗಿಲನ್ನೂ ಮುಚ್ಚಲು ಎದ್ದರು, ಮುಚ್ಚಿದರು. ಈ ಮೂರನ್ನೂ ಅವರು ಬೇರೆ ದಿನ ಮಾಡುತ್ತಿರಲಿಲ್ಲ. ಕೂತು, ಕೈ ಜೋಡಿಸಿ, ಅವನ ಮುಖ ನೋಡದೆ ಮೇಜಿನ ಅಂಚು ನೋಡುತ್ತಾ ಕಾದರು. ಅವರಿಗೆ ಗೊತ್ತಾಗಿದೆಯೇ? ಕೈಬರಹದ ಪುಸ್ತಕ, ಸ್ಟ್ರಿಪ್ಪು, ಎರಡು ಸಲ ಓಡಿಸಿದ ಯಂತ್ರದ ದಾಖಲೆ? ಗೊತ್ತಿದ್ದರೂ ಅವರು ಕೇಳುವವರಲ್ಲ. ಆ ಕರುಣೆ ಅವನಿಗೆ ಸಹಿಸಲಾಗಲಿಲ್ಲ. ಇನ್ನು ಒಂದು ನಿಮಿಷದ ನಂತರ ಇವರ ಕಣ್ಣಲ್ಲಿ ತಾನು ಈ ಕಡೆಯ ಸಾಲಿನಿಂದ ಆ ಕಡೆಯ ಸಾಲಿಗೆ ಹೋಗುತ್ತೇನೆ. ಲೋಟ ಬೇರೆ ಮಾಡುವವರಲ್ಲ ಇವರು. ಇನ್ನೂ ಮೃದುವಾಗಿ ಮಾತಾಡುತ್ತಾರೆ, ಅಷ್ಟೇ. ಆ ಮೃದುತ್ವವೇ ಕಿಟಕಿಯ ಕಟ್ಟೆ.

"ಹೇಳು" ಎಂದರು ಮೇಡಂ.

"ಅಂಚೆಯಮ್ಮ..." ಎಂದಿತು ಅವನ ಬಾಯಿ.

"ಅಂಚೆಯಮ್ಮ?"

"ಅವರು ಮನೇಲಿ ಅಭ್ಯಾಸ ಮಾಡಿದ್ರಂತೆ ಮೇಡಂ. ಬೋರ್ಡಿಂದು. ಪಾತ್ರೆ ತೂತಿಗೆ ಬೆಂಕಿಕಡ್ಡಿ ಇಟ್ಟು. ಪದಗಳನ್ನೂ ಬಾಯಿಪಾಠ ಮಾಡಿದ್ರಂತೆ. ನಿಜವಾಗ್ಲೂ ಅವರಿಗೆ ತುಂಬಾ ಮರೀತಿದೆ. ಅವರ ಅಂಕ ನಂಬೋ ಹಾಗಿಲ್ಲ." ಮಾತು ಒಂದರ ಹಿಂದೊಂದು ತಡೆಯಿಲ್ಲದೆ ಬಂತು. ತಾನು ಆಕೆಯನ್ನು ಉಳಿಸುತ್ತಿದ್ದೇನೆ ಎಂದು ಆ ಕ್ಷಣ ಅವನು ನಿಜವಾಗಿಯೂ ನಂಬಿದ್ದ. ತನ್ನ ಗುಟ್ಟಿನ ಬದಲಿಗೆ ಆಕೆಯದನ್ನು ಮೇಜಿನ ಮೇಲಿಟ್ಟರೂ ತೂಕ ಸರಿಹೋಗುತ್ತದೆ ಎಂದುಕೊಂಡಿದ್ದ.

ಮೇಡಂ ಕೈ ಬಿಡಿಸಿದರು. ಏನನ್ನೋ ಕಾಯುತ್ತಿದ್ದವರು ಅದು ಬರುವುದಿಲ್ಲವೆಂದು ತಿಳಿದು ಎದ್ದುಬಿಡುವಂತೆ ಅವರ ಮುಖದಿಂದ ಏನೋ ಎದ್ದುಹೋಯಿತು. "ಅಯ್ಯೋ ಪಾಪ" ಎಂದರು. "ಒಳ್ಳೇದಾಯ್ತು ಹೇಳಿದ್ದು. ಆದ್ರೆ ಅಭ್ಯಾಸ ಮಾಡಿ ಬಂದದ್ದು ಪರೀಕ್ಷೆ ಅಲ್ವಲ್ಲ. ಅವರನ್ನ ಅಧ್ಯಯನದಿಂದ ತೆಗೀಬೇಕಾಗುತ್ತೆ."

"ತೆಗೆದ್ರೆ... ಅವರಿಗೆ ಕಾಗದ?"

"ಯಾವುದರ ಮೇಲೆ ಕೊಡ್ಲಿ ಹೇಳು. ಅಂಕ ಲೆಕ್ಕಕ್ಕಿಲ್ಲ. ರಕ್ತ ಹದಿನೆಂಟು, ಮಿತಿ ಇಪ್ಪತ್ತೊಂದು. ಮಿತಿ ಹದಿನಾಲ್ಕಾಗಿದ್ರೆ ಅದೊಂದರ ಮೇಲೇ ಇವತ್ತೇ ಬರ್ಕೊಡ್ತಿದ್ದೆ." ಅವರು ಗಡಿಯಾರ ನೋಡಿದರು, ಆಮೇಲೆ ಅವನನ್ನು ನೋಡಿದರು. "ಆರು ತಿಂಗಳು ಬಿಟ್ಟು, ಆ ಕಡ್ಡಿ, ಆ ಪದ ಎಲ್ಲ ಮರೆತ ಮೇಲೆ, ಹೊಸದಾಗಿ ಮಾಡೋಣ. ಇನ್ನೇನಾದ್ರೂ ಇದೆಯಾ?"

"ಇಲ್ಲ ಮೇಡಂ."

"ಇನ್ನೂ ಇಪ್ಪತ್ತು ನಿಮಿಷ ಇದೆ" ಎಂದರು ಅವರು, ಯಾರಿಗೆಂದಿಲ್ಲದೆ.

ಆ ಇಪ್ಪತ್ತು ನಿಮಿಷವೂ ಆಮೇಲೆ ಸ್ವಲ್ಪ ಹೊತ್ತೂ ಅವನು ಫ್ರೀಜರಿನ ಮುಂದೆ ನಿಂತು ಲೇಬಲ್ಲುಗಳನ್ನು ಓದಿದ. ಹೊರಬಂದಾಗ ಅಂಚೆಯಮ್ಮ ಮೇಡಂ ಕೋಣೆಯಿಂದ ಹಜಾರಕ್ಕೆ ಬರುತ್ತಿದ್ದರು. ಕೆಲಸದ ಬಟ್ಟೆಯಲ್ಲೇ ಇದ್ದರು. ಬೆರಳ ತುದಿಗಳು ಪತ್ರಗಳ ಮಸಿಗೆ ಕಪ್ಪಾಗಿದ್ದವು. ಅವನು ಹಿಂದಕ್ಕೆ ಸರಿಯುವಷ್ಟರಲ್ಲಿ ಆಕೆ ಕಂಡುಬಿಟ್ಟರು.

"ಹೋಯ್ತಣ್ಣ. ಕಡ್ಡಿ ಆಡಿದ್ದು ಗೊತ್ತಾಗ್ಬಿಟ್ಟಿದೆ ಮೇಡಂಗೆ. ಪಟ್ಟಿಯಿಂದ ಕಿತ್ತುಹಾಕಿದ್ರು. ಆರು ತಿಂಗಳಾದ ಮೇಲೆ ಎಲ್ಲ ಮರೆತು ಬನ್ನಿ ಅಂದ್ರು." ಆಕೆ ನಗಲು ನೋಡಿದರು. "ಅಷ್ಟು ಹೊತ್ತಿಗೆ ಇಲ್ಲಿಗೆ ಬರೋ ದಾರೀನೂ ಮರೆತಿರ್ತೀನಿ ಅಂದೆ. ಮೇಡಂ ಅತ್ತುಬಿಡ್ತಾರೇನೋ ಅನ್ನಿಸ್ತು."

ಅವನು ಬೈಗುಳಕ್ಕೆ ಕಾದ. ಬೆಳಗ್ಗೆ ಮುಗಿದ ಕೈ ಈಗ ತನ್ನ ಕಡೆ ಚಾಚುತ್ತದೆ ಎಂದು ಕಾದ. ಅದು ಬಂದರೆ ಹಗುರವಾಗುತ್ತಿತ್ತು.

"ಹೇಗೆ ಗೊತ್ತಾಯ್ತೋ ಕಾಣೆ" ಎಂದರು ಆಕೆ. "ಎಷ್ಟು ಜನರ ಕೈ ನೋಡಿಲ್ಲ ಅವರು. ನೋಡೇ ಹಿಡಿದಿರ್ತಾರೆ. ನಾನಂತೂ ಒಬ್ಬರಿಗೂ ಬಾಯಿಬಿಟ್ಟಿರ್ಲಿಲ್ಲ. ನಿಮಗೂ ಹೇಳಿರ್ಲಿಲ್ಲ ನೋಡಿ."

ಅವನು ಆಕೆಯ ಕಣ್ಣು ನೋಡಿದ. ಅದರಲ್ಲಿ ಕೊಂಕು ಇದೆಯೇ, ಕ್ಷಮೆ ಇದೆಯೇ ಎಂದು ಹುಡುಕಿದ. ಎರಡೂ ಇರಲಿಲ್ಲ. ಬೆಳಗ್ಗೆ ತನಗೆ ಗುಟ್ಟು ಹೇಳಿದ ಒಂಬತ್ತು ಗಂಟೆ ಆ ಕಣ್ಣುಗಳೊಳಗೆ ಇರಲೇ ಇಲ್ಲ. ಆಕೆಯ ತೋಳಿನ ಮಡಿಕೆಯಲ್ಲಿ ಅವನೇ ಅಂಟಿಸಿದ್ದ ಹತ್ತಿ ಇನ್ನೂ ಅಂಟಿಕೊಂಡಿತ್ತು. ಮೇಡಂ ಬೇಕೆಂದ ಸಾಕ್ಷಿ, ಯಾವ ಬೋರ್ಡೂ ಯಾವ ಯಂತ್ರವೂ ಕೊಡದ ಸಾಕ್ಷಿ, ಅವನೊಬ್ಬನ ಎದುರಿಗೆ ನಿಂತು ಚೀಲ ಹೆಗಲಿಗೇರಿಸಿಕೊಳ್ಳುತ್ತಿತ್ತು. ಮೇಡಂ ಕೋಣೆಯ ಬಾಗಿಲು ಇನ್ನೂ ತೆಗೆದಿತ್ತು. ಒಳಗೆ ಅವರು ಕನ್ನಡಕ ಹಾಕಿಕೊಂಡು ಏನೋ ಬರೆಯುತ್ತಿದ್ದರು.

"ಬರ್ತೀನಣ್ಣ. ನಾಳೆ ಬೆಳಗ್ಗೆ ಪಾಳಿ. ದೇವರು ಗೂಡು ತೋರಿಸ್ಲಿ" ಎಂದು ಆಕೆ ಮೆಟ್ಟಿಲಿಳಿದರು. ಕೆಳಗಿನ ಮೆಟ್ಟಿಲಲ್ಲಿ ನಿಂತು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಆಮೇಲೆ ಬಲಕ್ಕೆ ಹೋದರು.

ಎರಡು ದಿನ ಬಿಟ್ಟು ಅಕ್ಕ ಒಗೆದ ಅಂಗಿಯ ಜೇಬಿನಿಂದ ಒಂದು ಬಿಳಿಯ ಮುದ್ದೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಬಂದಳು. "ಏನೋ ಕಾಗದ ಇತ್ತಲ್ಲೋ, ನೋಡದೆ ನೆನೆಸಿಬಿಟ್ಟೆ. ಮುಖ್ಯವಾದದ್ದಾ?" "ಲೇಬಲ್ಲು" ಎಂದ. "ನಿನ್ನ ಮೈಯೆಲ್ಲಾ ಅದೇ" ಎಂದು ಅವಳು ಅದನ್ನು ಕಸದ ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ವಿಟಮಿನ್ ಬಾಟಲಿಯನ್ನು ಅವನ ಮುಂದೆ ಇಟ್ಟಳು. ಚಳಿಗಾಲದ ಹೊತ್ತಿಗೆ ಅಧ್ಯಯನ ಅಚ್ಚಾಗಿ ಬಂತು. ಹೋಲಿಕೆಯ ಗುಂಪು ಇಪ್ಪತ್ತು ಜನ, ಎಲ್ಲರೂ ಸೋಂಕಿಲ್ಲದವರು, ಮಿತಿ ಇಪ್ಪತ್ತೊಂದು ಎಂದು ಅದರಲ್ಲಿ ಬರೆದಿತ್ತು. ಕೊನೆಯ ಪುಟದಲ್ಲಿ ನೆರವಾದವರಿಗೆ ವಂದನೆ ಹೇಳುವ ಕಡೆ ಅವನ ಹೆಸರೂ ಇತ್ತು. ಆರು ತಿಂಗಳಾದ ಮೇಲೆ ಅಂಚೆಯಮ್ಮ ಬರಲಿಲ್ಲ. ಸಿಸ್ಟರ್ ಫೋನ್ ಮಾಡಿದಾಗ ಎತ್ತಿದವರು ಅವರು ಈಗ ಕೆಲಸದಲ್ಲಿಲ್ಲ ಎಂದರಂತೆ.

ಬೆಳಗ್ಗೆ ನೀವೇ ನನಗೆ ಹೇಳಿದಿರಿ ಎಂದು ಅವನು ಆಕೆಗೆ ಹೇಳಲಿಲ್ಲ. ಆಕೆ ಮರೆತದ್ದನ್ನು ನಾನು ಕಂಡೆ ಎಂದು ಮೇಡಂಗೆ ಹೇಳಲಿಲ್ಲ. ಹದಿನೇಳರ ರಕ್ತ ನನ್ನದು ಎಂದು ಅವನು ಯಾರಿಗೂ ಹೇಳಲಿಲ್ಲ.